ಕಾಂಗ್ರೆಸ್ ಕಸ ಮತ್ತು ಚರ್ಮದ ಕಾವಲು

ಸೊಲ್ಲಾಪುರದಿಂದ ಅಕ್ಕಲಕೋಟದತ್ತ ಬರುವ ಹಾದಿಯ ಇಕ್ಕೆಲಗಳಲ್ಲಿ, ಜೋಳ ತೊಗರಿಗಳ ಹೊಲದ ಒಡ್ಡುಗಳ ಮೇಲೆ, ಮಳೆ ಬಿದ್ದ ಕೆಲವೇ ವಾರಗಳಲ್ಲಿ ಮೊಳಕಾಲೆತ್ತರಕ್ಕೆ ಬೆಳೆದು ಬಿಳಿಯ ಪುಟ್ಟ ಹೂಗಳನ್ನು ತಳೆಯುವ ಗಿಡವನ್ನು ಇಲ್ಲಿಯ ಕನ್ನಡಿಗರು ಕಾಂಗ್ರೆಸ್ ಕಸವೆಂದೂ ಮರಾಠಿಗರು ಗಾಜರ ಗವತವೆಂದೂ ಕರೆಯುವರು. ಅಮೆರಿಕ ಖಂಡದಿಂದ ಬಂದ ಈ ಪಾರ್ಥೇನಿಯಮ್ 1955ರಲ್ಲಿ ಪುಣೆಯಲ್ಲಿ ಕಂಡುಬಂದ ಬಳಿಕ, ಒಂದೊಂದು ಗಿಡವೂ ಹತ್ತು ಸಾವಿರಕ್ಕೂ ಮಿಕ್ಕಿ ಬೀಜಗಳನ್ನು ಉದುರಿಸಬಲ್ಲುದಾದ್ದರಿಂದ, ದಖ್ಖನದ ಎರೆನೆಲವನ್ನೆಲ್ಲ ಬಲುಬೇಗ ಆವರಿಸಿತು. ಅದನ್ನು ಕೈಯಾರೆ ಕಿತ್ತವರಲ್ಲಿ ಕೆಲವರಿಗೆ ಕಣ್ಣೆವೆ, ಕತ್ತು, ಮೊಳಕೈಯ ಮಡಿಕೆಗಳಲ್ಲಿ ಏಳುವ ಇಸಬು ನಮ್ಮ ರೈತರ ಪಾಲಿಗೆ ದೊಡ್ಡ ಯಾತನೆಯಾಗಿದೆ.

ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದರ ಮೈತುಂಬ ನವಿರಾದ ರೋಮಗಳು ಕಾಣುತ್ತವೆ. ಈ ಇಸಬಿಗೆ ಕಾರಣವಾದ ಪಾರ್ಥೆನಿನ್ ಎಂಬ ರಾಸಾಯನಿಕವು ನೆಲೆಸಿರುವುದು ಮುಖ್ಯವಾಗಿ ಅವುಗಳಲ್ಲಿಯೇ. ಗಿಡ ಒಣಗಿದಾಗ ಅವು ಪುಡಿಯಾಗಿ, ಗಾಳಿಯಲ್ಲಿ ತೇಲಿ, ತೆರೆದ ಮೈಯ ಮೇಲೆ, ಅದರಲ್ಲಿಯೂ ಬೆವರು ನಿಲ್ಲುವ ಮಡಿಕೆಗಳಲ್ಲಿ ಕೂರುತ್ತವೆ. ಅಂಗಿಯ ಮರೆಯ ಬೆನ್ನು ಬಹುಮಟ್ಟಿಗೆ ಪಾರಾಗುತ್ತದೆ.

ಆದರೆ ಇದು ಕೇವಲ ವಿಷದ ಕಾರ್ಯವಾಗಿದ್ದರೆ, ಒಂದೇ ಹೊಲದಲ್ಲಿ ಜೊತೆಯಾಗಿ ಕಸ ಕಿತ್ತ ಅಣ್ಣತಮ್ಮಂದಿರಲ್ಲಿ ಒಬ್ಬನ ಮುಖ ಬಾತು ಇನ್ನೊಬ್ಬನಿಗೆ ಏನೂ ಆಗದಿರುವುದೇಕೆ? ಹತ್ತಾರು ವರ್ಷ ನಿರಾತಂಕವಾಗಿ ಕಿತ್ತವನೇ ಒಂದು ಮಳೆಗಾಲದಲ್ಲಿ ತಟ್ಟನೆ ರೋಗಿಯಾಗುವುದೇಕೆ? ಇದರ ಉತ್ತರ ನಮ್ಮ ರೋಗನಿರೋಧಕ ಕೋಶಗಳಲ್ಲಿದೆ. ಪಾರ್ಥೆನಿನ್ನಿನ ಕಣವು ಅತಿ ಚಿಕ್ಕದಾದುದರಿಂದ ಒಂಟಿಯಾಗಿ ಅವುಗಳ ಗಮನಕ್ಕೆ ಬಾರದು. ಚರ್ಮದ ಪ್ರೋಟೀನುಗಳಿಗೆ ಅಂಟಿಕೊಂಡು ನಮ್ಮದನ್ನೇ ಪರಕೀಯವೆನಿಸಿದಾಗ ಮಾತ್ರ ಅನರ್ಥ ಆರಂಭವಾಗುತ್ತದೆ. ಮೇಲ್ಚರ್ಮದಲ್ಲಿ ಕವಲು ಚಾಚಿ ಹರಡಿರುವ ಲ್ಯಾಂಗರ್‌ಹಾನ್ಸ್ ಕೋಶಗಳನ್ನು 1868ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಇನ್ನೂ ವಿದ್ಯಾರ್ಥಿಯಾಗಿದ್ದಾಗ ಬರ್ಲಿನ್ನಿನಲ್ಲಿ ಕಂಡು ನರಕೋಶಗಳೆಂದು ಬಗೆದನು. ಅವು ರಕ್ಷಣೆಯ ಕೋಶಗಳೆಂಬುದು ತಿಳಿಯಲು ಶತಮಾನವೇ ಹಿಡಿಯಿತು. ಊರಿಗೆ ಬಂದ ಅಪರಿಚಿತನ ಸುದ್ದಿಯನ್ನು ತಳವಾರನು ಚಾವಡಿಗೆ ಮುಟ್ಟಿಸುವಂತೆ, ಇವೂ ಇವುಗಳ ಬಂಧುಕೋಶಗಳೂ ಪರಕೀಯ ಗುರುತನ್ನು ದುಗ್ಧಗ್ರಂಥಿಗೆ ಒಯ್ಯುತ್ತವೆ. ಅಲ್ಲಿ ಆ ಗುರುತಿಗೆ ಸರಿಹೊಂದುವ ಟಿ ಕೋಶಗಳೆಂಬ ಬಿಳಿಯ ರಕ್ತಕಣಗಳು ವೃದ್ಧಿಯಾಗುತ್ತವೆ. ಈ ಪ್ರಥಮ ಪರಿಚಯದಲ್ಲಿ ಮೈಮೇಲೆ ಯಾವ ಚಿಹ್ನೆಯೂ ಮೂಡದಿರಬಹುದು. ಆದರೆ ಆ ಟಿ ಕೋಶಗಳ ಸಂತತಿಯಲ್ಲಿ ಕೆಲವು ಸ್ಮೃತಿಕೋಶಗಳಾಗಿ ಚರ್ಮದಲ್ಲಿಯೇ ವರ್ಷಗಟ್ಟಲೆ ಬೀಡುಬಿಡುತ್ತವೆ. ಮತ್ತೆ ಪಾರ್ಥೆನಿನ್ ತಗುಲಿದಾಗ ಸೈಟೊಕೈನ್ ಎಂಬ ಸಂದೇಶದ್ರವ್ಯಗಳನ್ನು ಸುರಿಸಿ, ರಕ್ತನಾಳಗಳನ್ನು ಹಿಗ್ಗಿಸಿ, ಇತರ ಬಿಳಿಯ ಕಣಗಳನ್ನು ಕರೆದು ತರುತ್ತವೆ. ಆಗ ಕೆಂಪು, ಬಾವು, ನೀರ್ಗುಳ್ಳೆ, ಸಹಿಸಲಾರದ ನವೆ. ಹಲವು ಮಳೆಗಾಲಗಳು ಹೀಗೆಯೇ ಕಳೆದರೆ ಚರ್ಮ ದಪ್ಪವಾಗಿ ಕಪ್ಪಿಟ್ಟು, ಮುಖದ ಗೆರೆಗಳು ಆಳವಾಗುತ್ತವೆ.

ಈ ಬಗೆಯ ಒಗ್ಗದಿಕೆಗೆ ರಕ್ತದ ದ್ರವಭಾಗವಲ್ಲ, ಜೀವಕೋಶಗಳೇ ಕಾರಣವೆಂಬುದನ್ನು ವಿಜ್ಞಾನಿಗಳಾದ ಲ್ಯಾಂಡ್‌ಸ್ಟೈನರ್ ಮತ್ತು ಚೇಸ್ 1942ರಲ್ಲಿ ಗಿನಿಯಿಲಿಗಳಿಂದ ಗಿನಿಯಿಲಿಗಳಿಗೆ ಕೋಶಗಳನ್ನು ವರ್ಗಾಯಿಸಿ ತೋರಿಸಿದರು. ಕೋಶಗಳು ಬಂದು ಕೂಡಲು ಸಮಯ ಬೇಕಾದುದರಿಂದಲೇ ಸೋಮವಾರ ಕಸ ಕಿತ್ತವನ ಮುಖ ಬುಧವಾರ ಬಾಯುವುದು. ನಡುವಿನ ದಿನ ಉಂಡ ಬದನೆಕಾಯಿಯೇ ನಂಜಾಯಿತೆಂದು ಮನೆಯವರು ತಿಳಿಯುವುದು ಸಹಜ. ವೈದ್ಯರು ಗಿಡದ ಸಾರವನ್ನು ಪುಟ್ಟ ಬಿಲ್ಲೆಗಳಲ್ಲಿಟ್ಟು ಬೆನ್ನಿಗೆ ಅಂಟಿಸಿ, ಎರಡು ದಿನಗಳ ಮೇಲೆ ತೆಗೆದು, ಮುಂದೆ ಮತ್ತೊಮ್ಮೆ ನೋಡುವುದೂ ಈ ವಿಳಂಬವನ್ನರಿತೇ.

ಸ್ಟೀರಾಯ್ಡ್ ಮುಲಾಮು ಈ ಕೋಶಗಳ ಉದ್ರೇಕವನ್ನು ತಗ್ಗಿಸುತ್ತದೆ. ಉಲ್ಬಣಿಸಿದವರಿಗೆ ಅವುಗಳ ವೃದ್ಧಿಯನ್ನು ತಡೆಯುವ ಅಜಥಯೋಪ್ರಿನ್ ಗುಳಿಗೆಯನ್ನೂ ರಕ್ತಪರೀಕ್ಷೆಯ ಕಾವಲಿನಲ್ಲಿ ಕೊಡುವುದುಂಟು. ಸ್ಮೃತಿಯನ್ನು ಅಳಿಸುವ ಔಷಧವಾದರೋ ಇಲ್ಲ. ಆದ್ದರಿಂದ ಔಷಧದಂಗಡಿಯ ಟ್ಯೂಬನ್ನು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿ ಚರ್ಮವನ್ನು ತೆಳುವಾಗಿಸಿಕೊಂಡು, ಮರುದಿನ ಅದೇ ಒಡ್ಡಿಗೆ ಹೋಗುವುದು ವ್ಯರ್ಥ. ಈ ರೋಗ ಒಬ್ಬರಿಂದ ಒಬ್ಬರಿಗೆ ಅಂಟದು. ರೋಗಿಯನ್ನು ದೂರವಿಡುವುದು ಅನ್ಯಾಯ.

ಬೆಂಗಳೂರಿಗೆ 1983ರಲ್ಲಿ ಮೆಕ್ಸಿಕೊದಿಂದ ತಂದ ಜೈಗೊಗ್ರಾಮ ಜೀರುಂಡೆ ಮಳೆಗಾಲದಲ್ಲಿ ಈ ಗಿಡದ ಎಲೆಗಳನ್ನು ತಿನ್ನುತ್ತದೆಯಾದರೂ ಅದನ್ನೊಂದೇ ನಂಬಿ ಕೂರಲಾಗದು. ಊರವರೇ ಒಟ್ಟಾಗಿ, ತುಂಬುತೋಳಿನ ಅಂಗಿ ಕೈಗವಸು ತೊಟ್ಟು, ಹೂ ಬಿಡುವ ಮೊದಲೇ, ನೆಲ ಹಸಿಯಿರುವಾಗಲೇ ಬೇರುಸಹಿತ ಕೀಳಬೇಕು. ಒಮ್ಮೆ ಮೈ ಬಾತವರನ್ನು ಈ ಕೆಲಸಕ್ಕೆ ಕರೆಯಬೇಡಿ, ಅವರ ಹೊಲದ ಒಡ್ಡನ್ನು ಉಳಿದವರು ಸ್ವಚ್ಛಮಾಡಿಕೊಡಿ.