ಕುದಾಪುರದ ಗೇಟು ಯಾರಿಗೆ ತೆರೆಯಬೇಕು?

ನಾಯಕನಹಟ್ಟಿ ಅಂದ ಕೂಡಲೇ ನಮ್ಮಂಥ ಟಿವಿಯವರಿಗೆ ನೆನಪಾಗೋದು ಜಾತ್ರೆ. ತಿಪ್ಪೇರುದ್ರಸ್ವಾಮಿಯ ದೊಡ್ಡ ತೇರು, ಬೆಂಕಿಯಲ್ಲಿ ಉರಿಯುವ ಕೊಬ್ಬರಿ, ಲಕ್ಷಗಟ್ಟಲೆ ರೂಪಾಯಿಗೆ ಹರಾಜಾಗುವ ಮುಕ್ತಿ ಬಾವುಟ. ಈ ಸಲ ಬಾವುಟ ಎಷ್ಟಕ್ಕೆ ಹೋಯ್ತು, ಯಾರ ಪಾಲಾಯ್ತು ಅನ್ನೋದು ನಮಗೆ ಬ್ರೇಕಿಂಗ್ ನ್ಯೂಸ್. ಮಾರನೇ ದಿನ ಕ್ಯಾಮೆರಾ ಪ್ಯಾಕ್ ಮಾಡಿ ಬೆಂಗಳೂರಿಗೆ ವಾಪಸ್.

ಅದೇ ಊರಿನ ಪಕ್ಕದಲ್ಲಿ, ಜಾತ್ರೆ ಮುಗಿದ ಮೇಲೂ ನಡೆಯುವ ಇನ್ನೊಂದು ಕೆಲಸ ಇದೆ. ಮೇಷ್ಟ್ರುಗಳಿಗೆ ಪಾಠ ಹೇಳುವ ಕೆಲಸ. ಇವತ್ತು ಅದರ ಬಗ್ಗೆ ಮಾತಾಡೋಣ.

ನಾಯಕನಹಟ್ಟಿಗೆ ಹತ್ತಿರದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಇದೆ. ಬೆಂಗಳೂರಿನಲ್ಲಿ ಜನ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯುತ್ತಾರಲ್ಲ, ಅದೇ ಸಂಸ್ಥೆ. 1909ರಲ್ಲಿ ಶುರುವಾಗಿದ್ದು. ಅದಕ್ಕೆ ಬೆಂಗಳೂರಿನಲ್ಲಿ 371 ಎಕರೆ ಜಾಗ ಕೊಟ್ಟಿದ್ದು ಮೈಸೂರು ಅರಸರು. ಕುದಾಪುರದಲ್ಲಿ ಸಿಕ್ಕಿದ್ದು ಸುಮಾರು 1,500 ಎಕರೆ. ಅಂದರೆ ಬೆಂಗಳೂರಿನ ನಾಲ್ಕು ಪಟ್ಟು.

ಈ ಜಾಗ ಎಲ್ಲಿಂದ ಬಂತು? ಇದು ಅಮೃತ ಮಹಲ್ ಕಾವಲು. ಮೈಸೂರು ಅರಸರ ಕಾಲದಿಂದ ದನಗಳ ಮೇವಿಗೆ ಅಂತ ಬಿಟ್ಟ ಹುಲ್ಲುಗಾವಲು. ಸುತ್ತಲ ಹಳ್ಳಿಗಳ ಕುರಿ, ದನ ಇಲ್ಲೇ ಮೇಯುತ್ತಿದ್ದವು. ವಿಜ್ಞಾನ ಸಂಸ್ಥೆ, ಡಿಆರ್‌ಡಿಒ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರ ಎಲ್ಲಕ್ಕೂ ಸೇರಿ ಸಾವಿರಾರು ಎಕರೆ ಹೋಯಿತು. ಕಾಂಪೌಂಡ್ ಗೋಡೆ ಎದ್ದಿತು. ಹಳ್ಳಿಗರು ಹೋರಾಟ ಮಾಡಿದರು, ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿವರೆಗೂ ಹೋಯಿತು.

ಒಮ್ಮೆ ಜಾತ್ರೆ ಕವರೇಜಿಗೆ ಹೋದಾಗ, ಊರಿನ ಹೋಟ್ಲೊಂದರಲ್ಲಿ ಟೀ ಕುಡಿಯುತ್ತಾ ಕುರಿ ಸಾಕುವ ಹಿರಿಯರೊಬ್ಬರನ್ನು ಮಾತಿಗೆಳೆದೆ. ಅವರು ಹೇಳಿದ್ದು ಇಷ್ಟೇ: "ಮುಂಚೆ ಅದೆಲ್ಲಾ ನಮ್ಮ ಕುರಿ ಮೇಯೋ ಜಾಗ ಸಾಮಿ. ಈಗ ಒಳಗೆ ಏನ್ ಮಾಡ್ತಾರೋ ನಮಗೇನ್ ಗೊತ್ತು?" ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ಗೊತ್ತಿಲ್ಲ ಅನ್ನೋ ಧಾಟಿ ಇತ್ತು. ಅವರ ಪ್ರಶ್ನೆಗೆ ನನ್ನ ಉತ್ತರ ಈ ಮಾತುಗಳು.

ಒಳಗೆ ಒಂದು ಪ್ರತಿಭಾ ವಿಕಸನ ಕೇಂದ್ರ ಇದೆ. ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರ್ ಅಂತಾರೆ. ಶಾಲಾ ಕಾಲೇಜುಗಳ ವಿಜ್ಞಾನ, ಗಣಿತ ಶಿಕ್ಷಕರು ಇಲ್ಲಿಗೆ ಬರುತ್ತಾರೆ. ಓಓಡಿ ಮೇಲೆ ಬಂದು, ಅಲ್ಲೇ ಉಳಿದು, ಕೆಲವು ದಿನ ಪ್ರಯೋಗಾಲಯದಲ್ಲಿ ತಾವೇ ಕೈಯಾರೆ ಪ್ರಯೋಗ ಮಾಡಿ ಕಲಿಯುತ್ತಾರೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತ, ಎಲ್ಲಾ ಇದೆ.

ಮೇಷ್ಟ್ರು ಆಗಲೇ ಬಿ.ಇಡಿ ಮಾಡಿರ್ತಾರಲ್ವಾ, ಮತ್ತೆ ಯಾಕೆ ತರಬೇತಿ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬಿ.ಇಡಿ ಈಗ ಎರಡು ವರ್ಷದ ಕೋರ್ಸ್. ಅದರಲ್ಲಿ 20 ವಾರ ಶಾಲೆಗೆ ಹೋಗಿ ಅನುಭವ ಪಡೆಯಬೇಕು ಅನ್ನೋ ನಿಯಮ 2014ರಲ್ಲಿ ಬಂತು. ಅದು ಪಾಠ ಮಾಡೋದು ಹೇಗೆ ಅಂತ ಹೇಳಿಕೊಡುತ್ತೆ. ಆದರೆ ಹದಿನೈದು ಇಪ್ಪತ್ತು ವರ್ಷದ ಹಿಂದೆ ಡಿಗ್ರಿ ಮುಗಿಸಿದವರ ವಿಷಯ ಜ್ಞಾನಕ್ಕೆ ತುಕ್ಕು ಹಿಡಿದಿರುತ್ತೆ. ಉಪಕರಣ ಮುಟ್ಟದೆ ಪರೀಕ್ಷೆ ಪಾಸಾದವರೂ ಇರ್ತಾರೆ. ಅದು ಅವರೊಬ್ಬರ ತಪ್ಪಲ್ಲ. ಅವರು ಓದಿದ ಕಾಲೇಜಿನ ಲ್ಯಾಬಿನ ಸ್ಥಿತಿಯೇ ಹಾಗಿತ್ತು.

ಕೈಯಾರೆ ಕಲಿಯೋದು ಅಂದರೆ ಏನು? ಒಂದು ಕಲ್ಲು, ಒಂದು ಮೀಟರ್ ದಾರ ತಗೊಳ್ಳಿ. ಕಲ್ಲು ಕಟ್ಟಿ ತೂಗುಬಿಡಿ. ಒಂದು ಸಲ ಆ ಕಡೆ ಹೋಗಿ ವಾಪಸ್ ಬರೋಕೆ ಹೆಚ್ಚುಕಡಿಮೆ ಎರಡು ಸೆಕೆಂಡ್. ಈಗ ಮಕ್ಕಳನ್ನು ಕೇಳಿ: ಕಲ್ಲಿನ ತೂಕ ಎರಡು ಪಟ್ಟು ಮಾಡಿದರೆ ಬೇಗ ತೂಗುತ್ತಾ? ಬಹಳಷ್ಟು ಮಕ್ಕಳು ಹೌದು ಅಂತಾರೆ. ಮೊಬೈಲ್ ಹಿಡಿದು ಟೈಮ್ ನೋಡಿ. ಅದೇ ಎರಡು ಸೆಕೆಂಡ್! ದಾರದ ಉದ್ದ ಬದಲಾದರೆ ಮಾತ್ರ ಸಮಯ ಬದಲಾಗುತ್ತೆ. ತಾನು ನಂಬಿದ್ದು ತಪ್ಪು ಅಂತ ಮಗು ತಾನೇ ಕಂಡುಕೊಳ್ತಲ್ಲ, ವಿಜ್ಞಾನ ಅಂದರೆ ಅದು. ಖರ್ಚು ಎಷ್ಟು? ಏನೂ ಇಲ್ಲ.

ಇನ್ನೊಂದು ಹೇಳ್ತೀನಿ. ಚಳ್ಳಕೆರೆ ಸೀಮೆ ಅಂದರೆ ಶೇಂಗಾ. ಒಂದು ಶೇಂಗಾ ಗಿಡ ಬೇರುಸಮೇತ ಕಿತ್ತು ಕ್ಲಾಸಿಗೆ ತನ್ನಿ. ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿರುತ್ತವೆ. ಒಂದನ್ನು ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣ ಇದ್ದರೆ, ಅಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರ ಮಾಡಿಕೊಡ್ತಾ ಇದೆ ಅಂತ ಅರ್ಥ. ಅಪ್ಪನ ಹೊಲದಲ್ಲೇ ಗೊಬ್ಬರದ ಕಾರ್ಖಾನೆ ಇದೆ ಅಂತ ಗೊತ್ತಾದ ಮಗು ಆ ಪಾಠ ಮರೆಯುತ್ತಾ?

ಈಗ ಸಣ್ಣ ಲೆಕ್ಕ. ಒಂದು ಹೈಸ್ಕೂಲಿಗೆ ವರ್ಷಕ್ಕೆ ಹೊಸದಾಗಿ 40 ಮಕ್ಕಳು ಬರ್ತಾರೆ ಅಂತಿಟ್ಟುಕೊಳ್ಳಿ. 20 ವರ್ಷದ ಸರ್ವೀಸಿನಲ್ಲಿ ಒಬ್ಬ ವಿಜ್ಞಾನ ಶಿಕ್ಷಕರ ಕೈಯಲ್ಲಿ 800 ಮಕ್ಕಳು ಓದಿ ಹೋಗ್ತಾರೆ. ಒಬ್ಬ ಮೇಷ್ಟ್ರಿಗೆ ಸರಿಯಾಗಿ ಹೇಳಿಕೊಟ್ಟರೆ ಅಷ್ಟು ಮನೆಗೆ ಮುಟ್ಟುತ್ತೆ.

ಆದರೆ ಎಲ್ಲಾ ಚೆನ್ನಾಗಿದೆ ಅಂತ ಹೇಳಿ ನಾನು ಎದ್ದು ಹೋಗೋ ಹಾಗಿಲ್ಲ. ತರಬೇತಿ ಮುಗಿಸಿ ಉತ್ಸಾಹದಲ್ಲಿ ವಾಪಸ್ ಬಂದ ಮೇಷ್ಟ್ರಿಗೆ ಶಾಲೆಯಲ್ಲಿ ಕಾಯ್ತಾ ಇರೋದೇನು? ಲ್ಯಾಬಿನ ಸಾಮಾನು ಬೀರುವಿನಲ್ಲಿ, ಬೀರುವಿಗೆ ಬೀಗ. ಒಡೆದು ಹೋದರೆ ಆಡಿಟ್‌ನಲ್ಲಿ ಯಾರು ಉತ್ತರ ಹೇಳೋರು ಅನ್ನೋ ಭಯ. ಜತೆಗೆ ಬಿಸಿಯೂಟದ ಲೆಕ್ಕ, ಚುನಾವಣೆ ಕೆಲಸ, ಆನ್‌ಲೈನ್ ಎಂಟ್ರಿ. ಕಲಿತಿದ್ದು ಕ್ಲಾಸ್ ರೂಮಿಗೆ ಬರದಿದ್ದರೆ ಓಓಡಿ ಸರ್ಟಿಫಿಕೇಟ್ ಫೈಲಿಗೆ ಸೇರುತ್ತೆ, ಅಷ್ಟೇ.

ಮತ್ತೊಂದು ಮಾತು. ಬೆಂಗಳೂರಿನ ಕ್ಯಾಂಪಸ್ ವರ್ಷಕ್ಕೊಮ್ಮೆ ಓಪನ್ ಡೇ ಮಾಡುತ್ತೆ. ಅವತ್ತು ಯಾರು ಬೇಕಾದರೂ ಒಳಗೆ ಹೋಗಬಹುದು, ಟಿಕೆಟ್ ಇಲ್ಲ. ವಿಜ್ಞಾನಿಗಳೇ ಮಕ್ಕಳ ಮುಂದೆ ನಿಂತು ಪ್ರಯೋಗ ತೋರಿಸ್ತಾರೆ. ನಾಯಕನಹಟ್ಟಿಯ ಕುರಿಗಾಹಿ ಮಗ ಅದನ್ನು ನೋಡೋಕೆ 200 ಕಿಲೋಮೀಟರ್ ಆಸುಪಾಸು ದೂರ ಬರಬೇಕಾ? ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಸಿ.ವಿ. ರಾಮನ್ ಅವರ ಸಂಶೋಧನೆಯ ನೆನಪಿನ ದಿನ. ಇದೇ ವಿಜ್ಞಾನ ಸಂಸ್ಥೆಗೆ 1933ರಲ್ಲಿ ಮೊದಲ ಭಾರತೀಯ ನಿರ್ದೇಶಕರಾದವರು ಅವರು. ಆ ದಿನ ಕುದಾಪುರದ ಗೇಟು ಸುತ್ತಲ ಹಳ್ಳಿಗಳಿಗೆ ಪೂರ್ತಿ ತೆರೆದಿರಲಿ. ಮಕ್ಕಳ ಜತೆ ಅಪ್ಪ ಅಮ್ಮನೂ, ಆ ಕುರಿ ಕಾಯುವ ಹಿರಿಯರೂ ಒಳಗೆ ಬಂದು ನೋಡಲಿ. ಇದು ದಾನ ಕೇಳಿದಂತಲ್ಲ. ಅವರ ಮೇವಿನ ಜಾಗದ ಮೇಲೆ ನಿಂತ ಕಟ್ಟಡ ಅದು.

ನಾವು ಮಾಡಬಹುದಾದ್ದೂ ಇದೆ. ನಿಮ್ಮೂರ ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋಗ್ತೀರಲ್ಲ, ಮೂರು ಪ್ರಶ್ನೆ ಕೇಳಿ. ನಮ್ಮ ವಿಜ್ಞಾನ ಮೇಷ್ಟ್ರು ಇಂಥ ತರಬೇತಿಗೆ ಹೋಗಿದ್ದಾರಾ? ಹೋಗಿದ್ದರೆ ಬಂದ ಮೇಲೆ ಎಷ್ಟು ಪ್ರಯೋಗ ಮಾಡಿಸಿದ್ದಾರೆ? ಲ್ಯಾಬಿನ ಬೀಗದ ಕೈ ಯಾರ ಹತ್ತಿರ ಇದೆ? ಜಗಳಕ್ಕೆ ಅಲ್ಲ, ಗೌರವದಿಂದಲೇ ಕೇಳಿ. ಒಡೆದ ಗಾಜಿನ ಕೊಳವೆಯ ದುಡ್ಡು ನಾವು ಕೊಡ್ತೀವಿ ಮೇಷ್ಟ್ರೇ, ನೀವು ಧೈರ್ಯವಾಗಿ ಮಾಡಿಸಿ ಅಂತಲೂ ಹೇಳಿ.

ನಾಯಕನಹಟ್ಟಿಯ ಗುರುವಿನ ಮಾತು ಆ ಸೀಮೆಯಲ್ಲಿ ಎಲ್ಲರಿಗೂ ಬಾಯಿಪಾಠ: "ಮಾಡಿದಷ್ಟು ನೀಡು ಭಿಕ್ಷೆ." ಕೆರೆ ಕಟ್ಟಿಸುವಾಗ ದುಡಿದವರಿಗೆ ದುಡಿದಷ್ಟು ಕೂಲಿ ಕೊಟ್ಟ ಮಹಾತ್ಮ ಅಂತ ಜನ ಇವತ್ತಿಗೂ ನೆನೆಯುತ್ತಾರೆ. ಈ ಊರುಗಳು ಕೊಟ್ಟಿದ್ದು ದನಕುರಿಯ ಮೇವು. ಅದಕ್ಕೆ ಸಮನಾಗಿ ವಾಪಸ್ ಬರಬೇಕಾದ್ದು ಮಕ್ಕಳ ಕಲಿಕೆ. ಮುಂದಿನ ಜಾತ್ರೆಗೆ ಹೋದಾಗ ನಾನು ಬಾವುಟದ ಹರಾಜಿನ ಜತೆಗೆ ಈ ಬಾಕಿಯ ಲೆಕ್ಕವನ್ನೂ ಕೇಳ್ತೀನಿ. ನೀವೂ ಕೇಳಿ.