ಸೈನಿಕರ ಬುತ್ತಿಯೂ ಒಕ್ಕಲಿಗರ ಬೆಳೆಯೂ

ಬುತ್ತಿಯು ಕೆಡದಂತೆ ಕಟ್ಟುವದು ಧಾರವಾಡ ಸೀಮೆಯ ಗೃಹಿಣಿಯರಿಗೆ ಹೊಸ ವಿದ್ಯೆಯಲ್ಲ. ಕಟಿರೊಟ್ಟಿಯೂ ಶೇಂಗಾಹಿಂಡಿಯೂ ಜಾತ್ರೆಗೆ ಹೊರಟವರ ಗಂಟಿನಲ್ಲಿ ಬಹುದಿನ ಉಳಿಯುವದಕ್ಕೆ ಅವುಗಳಲ್ಲಿ ನೀರಿನ ಅಂಶವು ಅತ್ಯಲ್ಪವಾಗಿರುವದೇ ಕಾರಣವು. ಇದೇ ತತ್ವವನ್ನು ಶಾಸ್ತ್ರೀಯ ರೀತಿಯಿಂದ ಬೆಳೆಸಿ ದೇಶದ ಸೈನ್ಯಕ್ಕೆ ಬುತ್ತಿ ಒದಗಿಸುವದಕ್ಕಾಗಿ ಭಾರತ ಸರಕಾರವು 1961ನೆಯ ಇಸವಿಯಲ್ಲಿ ಮೈಸೂರಿನಲ್ಲಿ ರಕ್ಷಣಾ ಆಹಾರ ಸಂಶೋಧನಾಲಯವನ್ನು ಸ್ಥಾಪಿಸಿತು.

ಸಮುದ್ರಮಟ್ಟದಿಂದ 5,000 ಮೀಟರಿಗೂ ಎತ್ತರವಾದ ಹಿಮಾಲಯದ ಠಾಣ್ಯಗಳಲ್ಲಿ ವಾಯುಭಾರವು ಕಡಿಮೆ. ಅಲ್ಲಿ ನೀರು ಸುಮಾರು 83 ಅಂಶ ಸೆಂಟಿಗ್ರೇಡಿನಲ್ಲಿಯೇ ಕುದಿಯುವದು. ಆದ್ದರಿಂದ ಬೇಳೆಯು ಎಷ್ಟು ಹೊತ್ತು ಕುದಿಸಿದರೂ ಸರಿಯಾಗಿ ಬೇಯಲಾರದು. ಮೊದಲೇ ಬೇಯಿಸಿ ಒಣಗಿಸಿದ ಆಹಾರವಾದರೋ ಬಿಸಿನೀರು ಹಾಕಿದೊಡನೆ ಉಣ್ಣಲು ಸಿದ್ಧವಾಗುವದು. ಹೊರುವ ಭಾರವೂ ಇಳಿಯುವದು. ಇಂಥ ಆಹಾರಗಳನ್ನೂ, ತಿಂಗಳುಗಟ್ಟಲೆ ಕೆಡದ ಚಪಾತಿಯನ್ನೂ ಈ ಸಂಶೋಧನಾಲಯವು ಸಿದ್ಧಪಡಿಸಿತು. 1984ರಲ್ಲಿ ರಾಕೇಶ ಶರ್ಮಾ ಅವರು ಅಂತರಿಕ್ಷಕ್ಕೆ ಹೋದಾಗ ಒಯ್ದ ಭಾರತೀಯ ಆಹಾರವೂ ಇಲ್ಲಿಯದೇ.

ಇನ್ನೊಂದು ಕ್ರಮವು ಚೀಲದಲ್ಲಿ ಬೇಯಿಸುವದು. ಪ್ಲಾಸ್ಟಿಕ್ ಮತ್ತು ಅಲ್ಯುಮಿನಿಯಮ್ ಪದರುಗಳ ಚೀಲದಲ್ಲಿ ಅಡಿಗೆಯನ್ನು ತುಂಬಿ, ಬಾಯಿ ಮುಚ್ಚಿ, ಒತ್ತಡದ ಯಂತ್ರದಲ್ಲಿ ಸುಮಾರು 121 ಅಂಶದ ವರೆಗೆ ಕಾಯಿಸುತ್ತಾರೆ. ಬರಿಯ ಕುದಿತಕ್ಕೆ ಸಾಯದ ರೋಗಾಣುಬೀಜಗಳೂ ಇದರಿಂದ ನಾಶವಾಗುವವು. ಮನೆಯ ಒಲೆಯ ಮೇಲೆ ಇದನ್ನು ಅನುಕರಿಸುವದು ಪ್ರಾಣಕ್ಕೆ ಅಪಾಯಕರವು.

ಈ ವಿದ್ಯೆಗಳು ದಂಡಿನ ಉಗ್ರಾಣದಲ್ಲಿಯೇ ಉಳಿಯಲಿಲ್ಲ. ಶುಲ್ಕ ಪಡೆದು ಅವನ್ನು ಉದ್ಯಮಿಗಳಿಗೆ ಕೊಡಲಾಯಿತು. ತೆಂಗು ಅಭಿವೃದ್ಧಿ ಮಂಡಳಿಯೊಡನೆ ಕೂಡಿ ಎಳನೀರನ್ನು ಚೀಲ ಹಾಗೂ ಡಬ್ಬಿಗಳಲ್ಲಿ ಕಾಯ್ದಿಡುವ ಕ್ರಮವನ್ನೂ ಸಂಶೋಧನಾಲಯವು ರೂಪಿಸಿತು. ಅಂಗಡಿಗಳಲ್ಲಿ ದೊರೆಯುವ ಸಿದ್ಧ ಅಡಿಗೆಯ ಪೊಟ್ಟಣಗಳು ಇದೇ ಬಗೆಯ ವಿದ್ಯೆಯ ಫಲವು.

ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯ ಕಡಲೆ, ಹೆಸರು, ಉಳ್ಳಾಗಡ್ಡಿಗಳಿಗೂ ಕುಂದಗೋಳದ ಮೆಣಸಿನಕಾಯಿಗೂ ಇದರ ಸಂಬಂಧವೇನು? ಮುಂಗಾರಿನ ಉಳ್ಳಾಗಡ್ಡಿಯು ಹೆಚ್ಚು ಕಾಲ ಬಾಳುವದಿಲ್ಲ. ಎಲ್ಲರ ಮಾಲೂ ಒಮ್ಮೆಲೆ ಪೇಟೆಗೆ ಬಂದಾಗ ಧಾರಣೆಯು ಕುಸಿದು, ಕಿತ್ತ ಕೂಲಿಯೂ ಹುಟ್ಟದೆ ಮಾಲನ್ನು ಹೊಲದಲ್ಲಿಯೇ ಬಿಟ್ಟ ಒಕ್ಕಲಿಗರುಂಟು. ಒಣಗಿಸುವದು ಇದಕ್ಕೊಂದು ಉಪಾಯವು. ಆದರೆ ಲೆಕ್ಕವಿಲ್ಲದೆ ಕೈಹಾಕಬಾರದು. ಗಡ್ಡೆಯಲ್ಲಿ ನೂರಕ್ಕೆ ಸುಮಾರು 86 ಪಾಲು ನೀರೇ ಇರುವದರಿಂದ, ಸಿಪ್ಪೆ ಕಳೆದು 100 ಕಿಲೋ ಗಡ್ಡೆಗೆ ಸುಮಾರು 10ರಿಂದ 12 ಕಿಲೋ ಒಣಮಾಲು ಮಾತ್ರ ದೊರೆಯುವದು. ಒಣಮಾಲಿನ ಧಾರಣೆಯು ಹಸಿಮಾಲಿನ ಹತ್ತು ಪಟ್ಟನ್ನೂ ಮೀರಿ, ಇಂಧನ, ಕೂಲಿಗಳ ವೆಚ್ಚವನ್ನೂ ತುಂಬಿದರೆ ಮಾತ್ರ ಲಾಭವುಂಟು. ಈ ಕೆಲಸಕ್ಕೆ ಕೆಂಪು ಗಡ್ಡೆಗಿಂತ ಬಿಳಿಯ ತಳಿಗಳು ಹೆಚ್ಚು ಯೋಗ್ಯವು.

ಯಂತ್ರಕ್ಕಿಂತ ಮೊದಲು ಕಣದ ಶುದ್ಧಿಯು ಬೇಕು. ತೇವವುಳ್ಳ ಮೆಣಸಿನಕಾಯಿಯನ್ನು ನೆಲದ ಮೇಲೆ ರಾಶಿ ಹಾಕಿದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷವು ಹುಟ್ಟುವ ಸಂಭವವಿದೆ. ಅಡಿಗೆಯ ಬಿಸಿಗೆ ಅದು ಪೂರ್ಣವಾಗಿ ನಾಶವಾಗದು. 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಹೆಸರನ್ನು ಇಂಥ ಒಂದು ಚೀಲವೂ ಕೆಡಿಸಬಲ್ಲದು. ತಾಡಪತ್ರಿ ಅಥವಾ ಗಚ್ಚಿನ ಕಣದ ಮೇಲೆ ತೆಳುವಾಗಿ ಹರವಿ, ರಾತ್ರಿ ಮಂಜು ತಗಲದಂತೆ ಮುಚ್ಚಿ, ಚೆನ್ನಾಗಿ ಒಣಗಿದ ಮೇಲೆಯೇ ಚೀಲ ತುಂಬತಕ್ಕದ್ದು.

ಒಬ್ಬ ಸಣ್ಣ ಹಿಡುವಳಿದಾರನಿಗೆ ಗಚ್ಚಿನ ಕಣವೂ ಒಣಗಿಸುವ ಯಂತ್ರವೂ ಭಾರವೆನಿಸಬಹುದು. ಊರೊಟ್ಟಾಗಿ ಸಹಕಾರದಿಂದ ಮಾಡಿದರೆ ಅದು ಹಗುರವಾಗುವದು. ಗ್ರಾಮದ ಮುಖಂಡರೂ ದೊಡ್ಡ ಹಿಡುವಳಿದಾರರೂ ಮುಂದಾಗಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ತಜ್ಞರನ್ನು ವಿಚಾರಿಸಿ, ಕೊಳ್ಳುವವರನ್ನು ಮೊದಲೇ ಗೊತ್ತುಮಾಡಿಕೊಂಡು ಕೆಲಸಕ್ಕೆ ತೊಡಗುವದು ಲೇಸು. ಸೈನಿಕನ ಬುತ್ತಿಯನ್ನು ಕಾಯ್ದ ವಿದ್ಯೆಯು ಬೆಳೆದವನ ದುಡಿತವನ್ನೂ ಕಾಯುವಂತಾದರೆ, ಅದರ ಪ್ರಯೋಜನವು ಇಮ್ಮಡಿಯಾಗುವದು.