ಬಾವುಟದ ನಡುವೆ ಚಕ್ರ, ಎಳೆಯೊಳಗೆ ಚರಕ

ಆಗಸ್ಟ್ 15 ಮತ್ತು ಜನವರಿ 26 ಬಂತೆಂದರೆ ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಹಾಲು ಉತ್ಪಾದಕರ ಸಂಘಗಳ ಮುಂದೆ ಬಾವುಟ ಏರುತ್ತದೆ. ಬೆಳಗಿನ ಹಾಲು ಹಾಕಿದ ತಾಯಂದಿರು, ಅಕ್ಕತಂಗಿಯರು ಅಲ್ಲೇ ನಿಂತು ವಂದನೆ ಸಲ್ಲಿಸುತ್ತಾರೆ. ಮೂರು ಬಣ್ಣ, ಒಂದು ಚಕ್ರ ಎಲ್ಲರಿಗೂ ಗೊತ್ತು. ಆದರೆ ಆ ಬಾವುಟ ಹೇಗೆ ಹುಟ್ಟಿತು, ಅದರ ಬಟ್ಟೆಯನ್ನು ನೂತವರು ಯಾರು ಎಂಬುದೂ ನಾವು ತಿಳಿಯಬೇಕಾದ ಸಂಗತಿ.

ಚರಕದಿಂದ ಚಕ್ರಕ್ಕೆ

1921ರಲ್ಲಿ ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, ಆಂಧ್ರದ ಪಿಂಗಳಿ ವೆಂಕಯ್ಯ ಅವರು ಗಾಂಧೀಜಿಯವರಿಗೆ ಕೆಂಪು ಮತ್ತು ಹಸಿರು ಬಣ್ಣದ ಬಾವುಟದ ಮಾದರಿ ಕೊಟ್ಟರು. ಬಾವುಟದಲ್ಲಿ ಚರಕ ಇರಬೇಕು ಎಂಬ ಸಲಹೆ ಜಲಂಧರದ ಲಾಲಾ ಹಂಸರಾಜ್ ಅವರದು. ಉಳಿದ ಧರ್ಮದವರಿಗೂ ಜಾಗವಿರಲೆಂದು ಗಾಂಧೀಜಿ ಬಿಳಿ ಬಣ್ಣ ಸೇರಿಸಿದರು. 1931ರಲ್ಲಿ ಕಾಂಗ್ರೆಸ್ ಕೇಸರಿ, ಬಿಳಿ, ಹಸಿರು ಪಟ್ಟಿಗಳನ್ನು ಗೊತ್ತುಮಾಡಿ ನಡುವೆ ಚರಕವನ್ನು ಇಟ್ಟಿತು. ಈ ಬಣ್ಣಗಳು ಯಾವ ಧರ್ಮದ ಗುರುತೂ ಅಲ್ಲ, ಕೇಸರಿ ಎಂದರೆ ಧೈರ್ಯ ಮತ್ತು ತ್ಯಾಗ, ಬಿಳಿ ಎಂದರೆ ಸತ್ಯ ಮತ್ತು ಶಾಂತಿ ಎಂದು ಆಗಲೇ ಸ್ಪಷ್ಟಪಡಿಸಿತು.

1947ರ ಜುಲೈ 22ರಂದು ಸಂವಿಧಾನ ಸಭೆ ಈಗಿನ ಧ್ವಜವನ್ನು ಒಪ್ಪಿತು. ಚರಕಕ್ಕೆ ಒಂದು ತುದಿಯಲ್ಲಿ ಗಾಲಿ, ಇನ್ನೊಂದು ತುದಿಯಲ್ಲಿ ಕದಿರು. ಹಿಂದಿನಿಂದ ನೋಡಿದರೆ ಚಿತ್ರ ತಿರುಗುಮುರುಗು ಕಾಣುತ್ತದೆ. ಹೀಗಾಗಿ ಗಾಲಿಯನ್ನಷ್ಟೇ ಉಳಿಸಿ, ಸಾರನಾಥದ ಅಶೋಕ ಸ್ತಂಭದ 24 ಅರೆಗಳ ಚಕ್ರದ ರೂಪ ಕೊಟ್ಟರು. ಹಸಿರು ಬಣ್ಣ ಮಣ್ಣಿನೊಂದಿಗೆ, ಹಸಿರು ಗಿಡಗಳೊಂದಿಗೆ ನಮಗಿರುವ ನಂಟು ಎಂದು ಡಾ. ಎಸ್. ರಾಧಾಕೃಷ್ಣನ್ ವಿವರಿಸಿದರು. ಮೇವಿಲ್ಲದೆ ಹಾಲಿಲ್ಲ ಎಂದು ಬಲ್ಲ ನಮಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಆಗಸ್ಟ್ 14ರ ನಡುರಾತ್ರಿ ಸಂವಿಧಾನ ಸಭೆಗೆ ರಾಷ್ಟ್ರಧ್ವಜವನ್ನು ಅರ್ಪಿಸಿದವರು ಹಂಸಾ ಮೆಹ್ತಾ. ಅದನ್ನು ಅವರು ಕೊಟ್ಟದ್ದು ಭಾರತದ ಮಹಿಳೆಯರ ಕಾಣಿಕೆಯಾಗಿ.

ನಮ್ಮ ಸೀಮೆಯ ಬಟ್ಟೆ

ಚರಕ ನಡುವಿನಿಂದ ಹೋದರೂ ಬಾವುಟ ಬಿಟ್ಟು ಹೋಗಲಿಲ್ಲ. ಧ್ವಜವನ್ನು ಕೈಯಿಂದ ನೂತು, ಕೈಮಗ್ಗದಲ್ಲಿ ನೇಯ್ದ ಖಾದಿಯಿಂದಲೇ ಮಾಡಬೇಕೆಂಬ ನಿಯಮ ಬಂತು. ಚಿತ್ರದಲ್ಲಿದ್ದ ಚರಕ ಎಳೆಯೊಳಗೆ ಸೇರಿತು.

ಆ ಎಳೆ ನಮಗೆ ದೂರದ್ದಲ್ಲ. ನರಗುಂದದಿಂದ ನವಲಗುಂದದ ಮೇಲೆ ಹುಬ್ಬಳ್ಳಿಗೆ ಹೋದರೆ ಬೆಂಗೇರಿಯಲ್ಲಿ 1957ರಲ್ಲಿ ಆರಂಭವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ರಾಷ್ಟ್ರಧ್ವಜ ತಯಾರಿಕೆಗೆ ಬಿಐಎಸ್ ಮಾನ್ಯತೆ ಪಡೆದ ಘಟಕ ಬಹುಕಾಲ ದೇಶದಲ್ಲಿ ಇದೊಂದೇ ಆಗಿತ್ತು. ಬಾಗಲಕೋಟೆ ಹತ್ತಿರದ ತುಳಸಿಗೇರಿಯಲ್ಲಿ ನೂಲು, ನೇಯ್ಗೆ. ಬೆಂಗೇರಿಯಲ್ಲಿ ಬಣ್ಣ, ಚಕ್ರದ ಅಚ್ಚು, ಹೊಲಿಗೆ. ಧಾರವಾಡ ತಾಲೂಕಿನ ಗರಗವೂ ಧ್ವಜದ ಬಟ್ಟೆಗೆ ಹೆಸರಾದ ಊರು. ಈ ಕೆಲಸದಲ್ಲಿರುವವರು ಹೆಚ್ಚಾಗಿ ಮಹಿಳೆಯರೇ.

ನಮ್ಮ ಎರೆಹೊಲದಲ್ಲಿ ಹತ್ತಿ ಬೆಳೆದು ನೋಡಿದವರಿಗೆ ಇದರ ಹಿಂದಿನ ದುಡಿಮೆ ಗೊತ್ತು. ಹತ್ತಿಕಾಳು ಎಮ್ಮೆಗೆ, ಅರಳೆ ಚರಕಕ್ಕೆ. ನಮಗೆ ಲೀಟರ್ ಲೆಕ್ಕದಲ್ಲಿ ಹಣ ಬಂದರೆ ನೂಲುವವರಿಗೆ ಲಡಿ ಲೆಕ್ಕದಲ್ಲಿ ಕೂಲಿ. ಹಾಲಿಗೆ ಫ್ಯಾಟ್, ಎಸ್‌ಎನ್‌ಎಫ್ ಪರೀಕ್ಷೆ ಇರುವಂತೆ ಧ್ವಜಕ್ಕೂ ಅಳತೆ, ಎಳೆ, ಬಣ್ಣದ ಪರೀಕ್ಷೆ ಇದೆ. ಚಿಕ್ಕದು 6×4 ಇಂಚು, ದೊಡ್ಡದು 21×14 ಅಡಿ, ಒಟ್ಟು 9 ಅಳತೆಗಳು. ಎಲ್ಲದರಲ್ಲೂ ಉದ್ದ ಅಗಲಗಳ ಪ್ರಮಾಣ 3:2.

ಈಗಿನ ಪ್ರಶ್ನೆ

2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಬಂತು. ಯಂತ್ರದಲ್ಲಿ ತಯಾರಾದ ಬಟ್ಟೆಗೂ ಪಾಲಿಯೆಸ್ಟರ್‌ಗೂ ಅನುಮತಿ ಸಿಕ್ಕಿತು. ಬಾವುಟ ಅಗ್ಗವಾಗಿ ಮನೆಮನೆಗೆ ತಲುಪಿತು, ಅದು ಸಂತೋಷದ ವಿಷಯವೇ. ಆದರೆ ಖಾದಿ ಧ್ವಜವನ್ನೇ ನಂಬಿದವರಿಗೆ ಪೆಟ್ಟು ಬಿತ್ತು. ಬೆಂಗೇರಿಯ ಸಂಘ 2022ರಲ್ಲಿ ಇದನ್ನು ವಿರೋಧಿಸಿ ಪ್ರತಿಭಟಿಸಿತು.

ಪಾಲಿಯೆಸ್ಟರ್ ಬಾವುಟ ಹಾರಿಸುವುದು ತಪ್ಪಲ್ಲ, ಕಾನೂನು ಒಪ್ಪಿದೆ. ಆದರೆ ಸಹಕಾರಿ ಸಂಘ ಎಂದರೇನೆಂದು ನಮಗೆ ಗೊತ್ತು. ಎಮ್ಮೆ ಕಟ್ಟಿದ ಹೆಣ್ಣುಮಗಳ ದುಡಿಮೆಗೆ ಬೆಲೆ ಸಿಗಬೇಕೆಂದು ಕಟ್ಟಿದ ಸಂಘ, ನೂಲುವ ಹೆಣ್ಣುಮಗಳ ದುಡಿಮೆಯನ್ನೂ ನೆನೆಯುವುದು ನ್ಯಾಯ. ಸಂಘದ ಬಾವುಟ ಹಳತಾಗಿದ್ದರೆ ಈ ಸಲ ಖಾದಿಯದನ್ನೇ ತರೋಣ ಎಂದು ಆಡಳಿತ ಮಂಡಳಿಯ ಸಭೆಯಲ್ಲಿ ಕೇಳಿರಿ. ಸಂಘಕ್ಕೆ ಬೇಕಾದದ್ದು ಒಂದೇ ಬಾವುಟ, ಜೋಪಾನ ಮಾಡಿದರೆ ಬಾಳುತ್ತದೆ.

ನೆನಪಿರಲಿ

• ಕೇಸರಿ ಪಟ್ಟಿ ಯಾವಾಗಲೂ ಮೇಲಿರಬೇಕು.
• ಹರಿದ, ಮಾಸಿದ ಬಾವುಟ ಹಾರಿಸಬಾರದು.
• ಬಾವುಟ ನೆಲಕ್ಕೆ, ನೀರಿಗೆ ತಾಗಬಾರದು. ಅದರ ಮೇಲೆ ಏನೂ ಬರೆಯಬಾರದು.
• ಮೇಜಿಗೆ ಹಾಸಬಾರದು, ಟ್ರ್ಯಾಕ್ಟರ್ ಬಾನೆಟ್ ಮೇಲೆ ಹೊದಿಸಬಾರದು.
• ಏರಿಸುವಾಗ ಚುರುಕಾಗಿ, ಇಳಿಸುವಾಗ ನಿಧಾನವಾಗಿ.
• ಹಾಳಾದ ಬಾವುಟವನ್ನು ತಿಪ್ಪೆಗೆ ಎಸೆಯದೆ, ಜನರಿಲ್ಲದ ಕಡೆ ಗೌರವದಿಂದ ಪೂರ್ತಿ ಸುಡಬೇಕು. ಮಕ್ಕಳ ಕೈಯ ಕಾಗದದ ಬಾವುಟಗಳನ್ನೂ ನೆಲಕ್ಕೆ ಬಿಸಾಡದೆ ಆರಿಸಿಡಿರಿ.